ಬಿಚ್ಚಿ ಜೋಡಿಸುವ ಕೈ ಇರುವವರೆಗೆ

ಕೆಂಗೇರಿ ಉಪನಗರದಲ್ಲಿ ಅಕ್ಕನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದರೆ ಎಡಗಡೆಯ ಕಂಬದ ಪಕ್ಕ ಬೂದು ಬಣ್ಣದ ಕವರ್ ಹೊದ್ದ ಒಂದು ಕಾರು ಕಾಣುತ್ತದೆ. 2016ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಕೆಎ 41 ನಂಬರು. ಅಕ್ಕನ ಮಗ ಅದನ್ನು ಸೆಕೆಂಡ್ಸ್‌ನಲ್ಲಿ ಕೊಂಡ. ಕೆಲಸಕ್ಕೆ ಮೆಟ್ರೊದಲ್ಲಿ ಹೋಗುತ್ತಾನೆ. ಭಾನುವಾರ ಬೆಳಗಿನ ಜಾವ ಮಾತ್ರ ಕಾರಿನ ಕವರ್ ಸರಿಸಿ, ಬಿಡದಿ ದಾಟಿ ಇಡ್ಲಿ ತಿಂದು, ಟ್ರಾಫಿಕ್ ಶುರುವಾಗುವ ಮೊದಲೇ ವಾಪಸು ಬರುತ್ತಾನೆ. ಈಗ ಅವನಿಗೆ ಮದುವೆ ನಿಶ್ಚಯವಾಗಿದೆ. ಮನೆಯವರೆಲ್ಲ ಕೂರುವಂಥ ದೊಡ್ಡ ಗಾಡಿ ಬೇಕೆಂದು ಅಕ್ಕ ಹಟ ಹಿಡಿದಿದ್ದಾಳೆ, ಆದರೆ ಪಾರ್ಕಿಂಗ್ ಇರುವುದು ಒಂದೇ. ಹೋದ ತಿಂಗಳು ಅವನು ನನ್ನನ್ನು ಕಂಬದ ಪಕ್ಕ ಕರೆದುಕೊಂಡು ಹೋಗಿ ಕೇಳಿದ: "ಮಾವ, ನಿಜ ಹೇಳು. ಇದು ಮುಂದೆ ಆರ್‌ಎಕ್ಸ್ ಹಂಡ್ರೆಡ್ ಥರ ಆಗತ್ತಾ?"

ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡಲು ನನಗೆ ಆಗಲಿಲ್ಲ. ಒಂದು ತಿಂಗಳು ತಲೆಯಲ್ಲಿಟ್ಟುಕೊಂಡು ಓಡಾಡಿದ್ದೇನೆ. ಇವತ್ತಿನ ವೇಗದ ಕಾರು ನಾಳೆ ಜನ ಹುಡುಕಿಕೊಂಡು ಬಂದು ಕೊಳ್ಳುವ ವಸ್ತುವಾಗುತ್ತದೆಯೇ ಎಂಬುದಕ್ಕೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಬೀದಿಗಳಲ್ಲೇ ಸಾಕಷ್ಟು ಸಾಕ್ಷಿ ಇದೆ. ಆ ಸಾಕ್ಷಿ ನಾಲ್ಕು ಚಕ್ರದ್ದಲ್ಲ, ಎರಡು ಚಕ್ರದ್ದು.

ಎಸ್ಕಾರ್ಟ್ಸ್ ಕಂಪನಿ ಜಪಾನಿನ ಯಮಹಾ ಜೊತೆ ಸೇರಿ ಆರ್‌ಎಕ್ಸ್ 100 ಬಿಟ್ಟದ್ದು 1985ರಲ್ಲಿ. 98 ಸಿಸಿ ಟೂ ಸ್ಟ್ರೋಕ್ ಇಂಜಿನ್, 11 ಅಶ್ವಶಕ್ತಿ, ನೂರು ಕೆಜಿ ಆಸುಪಾಸಿನ ತೂಕ. ಕಾಗದದ ಮೇಲೆ ಈ ಅಂಕಿಗಳು ಏನೂ ಅಲ್ಲ. ಆದರೆ ಅಷ್ಟು ಹಗುರ ಗಾಡಿಗೆ ಅಷ್ಟು ಶಕ್ತಿ ಸಿಕ್ಕಾಗ ಏನಾಗುತ್ತದೆಂದು ನವರಂಗ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ನಿಂತಿದ್ದವರಿಗೆ ಗೊತ್ತು. ಹಸಿರು ದೀಪ ಹತ್ತಿದಾಗ ಉಳಿದವರು ಗಿಯರ್ ಹಾಕುವಷ್ಟರಲ್ಲಿ ಆರ್‌ಎಕ್ಸ್ ಕಾರ್ಡ್ ರೋಡಿನ ತಿರುವಿನಲ್ಲಿ ಇರುತ್ತಿತ್ತು. ಹಿಂದೆ ಉಳಿಯುತ್ತಿದ್ದುದು ಆಯಿಲ್ ಸುಟ್ಟ ನೀಲಿ ಹೊಗೆ ಮತ್ತು ಆ ಸದ್ದು. ಆಗ ನಾನು ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಆ ಸದ್ದು ಕೇಳಿದರೆ ಇವತ್ತಿಗೂ ತಿರುಗಿ ನೋಡುತ್ತೇನೆ.

ವಾಯುಮಾಲಿನ್ಯದ ನಿಯಮಗಳು ಬಿಗಿಯಾಗಿ 1996ರಲ್ಲಿ ಆರ್‌ಎಕ್ಸ್ 100 ನಿಂತಿತು. ತಮ್ಮನಂತಿದ್ದ ಆರ್‌ಎಕ್ಸ್ 135 ಕೂಡ 2005ರ ಹೊತ್ತಿಗೆ ನಿಂತಿತು. ಆಮೇಲಿನ ಕೆಲವು ವರ್ಷ ಈ ಗಾಡಿಯನ್ನು ಯಾರೂ ಕೇಳಲಿಲ್ಲ. ಲೀಟರಿಗೆ ಎಂಬತ್ತು ಕೊಡುವ ಫೋರ್ ಸ್ಟ್ರೋಕ್ ಗಾಡಿಗಳು ಬಂದಿದ್ದವು. ಆರ್‌ಎಕ್ಸ್‌ಗೆ ಸರಗಳ್ಳರ ಗಾಡಿ ಎಂಬ ಕೆಟ್ಟ ಹೆಸರು ಬೇರೆ ಅಂಟಿತ್ತು. ನಮ್ಮ ಬೀದಿಯಲ್ಲೇ ಒಂದನ್ನು ಗುಜರಿಯವನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದದ್ದನ್ನು ನಾನು ನೋಡಿದ್ದೇನೆ. ಈಗ ಚೆನ್ನಾಗಿ ರಿಸ್ಟೋರ್ ಮಾಡಿದ ಆರ್‌ಎಕ್ಸ್‌ಗೆ ಲಕ್ಷ ದಾಟಿದ ಬೆಲೆ ಹೇಳುತ್ತಾರೆ. ಆರಂಭದ ಗಾಡಿಗಳ ಬಿಡಿಭಾಗಗಳು ಜಪಾನಿನಿಂದ ಬಂದಿದ್ದವು ಎಂಬ ಕಾರಣಕ್ಕೆ 'ಜಪಾನ್ ಇಂಜಿನ್ನಾ?' ಎಂದು ಕೇಳಿ, ಹೌದೆಂದರೆ ಇನ್ನೂ ಹೆಚ್ಚು ಕೊಡುವವರಿದ್ದಾರೆ.

ಬೆಲೆ ಏರಿದ್ದಕ್ಕೆ ಎಲ್ಲರೂ ಹೇಳುವ ಕಾರಣ ಒಂದಿದೆ. ಹದಿನೆಂಟರಲ್ಲಿ ಕೊಳ್ಳಲಾಗದೆ ಕಣ್ಣಲ್ಲೇ ತಿಂದವರು ನಲವತ್ತರಲ್ಲಿ ಕೈಯಲ್ಲಿ ದುಡ್ಡು ಬಂದಾಗ ಹೋಗಿ ಕೊಂಡರು. ಇದು ನಿಜ, ಮತ್ತು ಜಗತ್ತಿನ ಎಲ್ಲ ಕಡೆಯೂ ನಿಜ. ಜಪಾನಿನ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರನ್ನು ಅಮೆರಿಕದ ಹುಡುಗರು ತೊಂಬತ್ತರ ದಶಕದ ಕೊನೆಯಲ್ಲಿ ಕಂಡದ್ದು ರಸ್ತೆಯಲ್ಲಲ್ಲ, ವಿಡಿಯೊ ಗೇಮಿನಲ್ಲಿ. ಅವರ ದೇಶದ ಕಾನೂನಿನ ಪ್ರಕಾರ ಇಂಥ ವಿದೇಶಿ ಕಾರು ತರಿಸಬೇಕೆಂದರೆ ಅದಕ್ಕೆ 25 ವರ್ಷ ತುಂಬಿರಬೇಕು. 1999ರ ಮಾಡೆಲಿಗೆ 2024ರಲ್ಲಿ ಬಾಗಿಲು ತೆರೆಯಿತು. ಅಷ್ಟರಲ್ಲಿ ಆ ಹುಡುಗರು ಸಂಬಳದ ಶಿಖರದಲ್ಲಿದ್ದರು, ಬೆಲೆಯೂ ಅವರ ಜೊತೆಗೇ ಹತ್ತಿತ್ತು. ನಮ್ಮಲ್ಲಿ ವಿಜಯನಗರದ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕಾರ್ ರೇಸ್ ಆಡಿದ ಹುಡುಗರೇ ಮುಂದೆ ಪೋಲೊ ಕೊಂಡರು. ನನ್ನ ಅಕ್ಕನ ಮಗ ಅವರಲ್ಲೊಬ್ಬ.

ಆದರೆ ಆಸೆಯೊಂದರಿಂದಲೇ ಯಾವ ಗಾಡಿಯೂ ಮೂವತ್ತು ವರ್ಷ ಓಡುವುದಿಲ್ಲ. ಆರ್‌ಎಕ್ಸ್ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ. ಪಶ್ಚಿಮ ಬೆಂಗಳೂರಿನವರು ಅದನ್ನು ದಿನವೂ ದಾಟಿ ಹೋಗುತ್ತೇವೆ, ನೋಡುವುದಿಲ್ಲ. ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಗೆ ತಿರುಗಿ. ಲೇತ್ ಮಷೀನಿನ ಶೆಡ್ಡು, ಪೌಡರ್ ಕೋಟಿಂಗ್, ಕ್ರೋಮ್ ಪ್ಲೇಟಿಂಗ್, ಗಿಯರ್ ಕಟಿಂಗ್, ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡಿವೆ. ಈಚೆ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್, ಆಚೆ ಪೀಣ್ಯ. ಸಿಲಿಂಡರ್ ಸವೆದಿದೆಯೇ? ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿ. ಕ್ರ್ಯಾಂಕ್ ಶಬ್ದ ಬರುತ್ತಿದೆಯೇ? ಬಿಚ್ಚಿ, ಬೇರಿಂಗ್ ಬದಲಿಸಿ, ಒತ್ತಿ ಸೇರಿಸಿ. ಬುಷ್ ಎಲ್ಲೂ ಸಿಗುತ್ತಿಲ್ಲವೇ? ಹಳೆಯದನ್ನು ಕೊಡಿ, ಸಂಜೆಗೆ ಬನ್ನಿ, ಅಳತೆ ನೋಡಿ ಹೊಸದು ಕಡೆದು ಇಟ್ಟಿರುತ್ತಾರೆ. ಇನ್ನೂ ಏನಾದರೂ ಬೇಕೆಂದರೆ ಜೆ.ಸಿ. ರೋಡಿನ ಸ್ಪೇರ್ಸ್ ಅಂಗಡಿಗಳಿವೆ. ಆರ್‌ಎಕ್ಸ್‌ನ ಆಯಸ್ಸನ್ನು ಉದ್ದ ಮಾಡಿದ್ದು ಈ ಕೈಗಳು. ತಯಾರಿಸಿದ ಕಂಪನಿ ಕೈಬಿಟ್ಟ ಮೇಲೂ ಗಾಡಿ ಬದುಕಿದ್ದು ಇಲ್ಲಿ.

ಮೈಸೂರಿನ ಜಾವಾ ಕಥೆಯೂ ಅದೇ. 1961ರಲ್ಲಿ ಯಾದವಗಿರಿಯಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾರ್ಖಾನೆ ಹೋದರೂ ಬಿಡಿಭಾಗ ಮಾಡುವವರು, ಇಂಜಿನ್ನಿನ ಮರ್ಮ ತಿಳಿದವರು ಹೋಗಲಿಲ್ಲ. ಹಾಗಾಗಿ ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಜಾವಾ–ಯೆಜ್ಡಿ ದಿನಕ್ಕೆ ನೂರಾರು ಗಾಡಿಗಳು ತಮ್ಮ ಕಾಲ ಮೇಲೆ ತಾವೇ ಬರುತ್ತವೆ, ಟೆಂಪೊದಲ್ಲಿ ಹೇರಿಸಿಕೊಂಡಲ್ಲ.

ವೇಗದ ಗಾಡಿಗೆ ತನ್ನ ಕಾಲದಲ್ಲಿ ಮರ್ಯಾದೆ ಸಿಗಲೇಬೇಕೆಂದೇನೂ ಇಲ್ಲ. ಎಸ್ಕಾರ್ಟ್ಸ್ 1983ರಲ್ಲಿ ತಂದ ರಾಜ್‌ದೂತ್ 350 ಎರಡು ಸಿಲಿಂಡರಿನ, 30 ಅಶ್ವಶಕ್ತಿಯ ಗಾಡಿ. ಆಗಿನ ನಮ್ಮ ರಸ್ತೆಗೆ ಅದು ಅತಿಯಾಯಿತು. ಪೆಟ್ರೋಲ್ ಕುಡಿಯುತ್ತದೆ, ಸ್ಪೇರ್ಸ್ ದುಬಾರಿ, ಬೆಲೆಯೂ ಹೆಚ್ಚು ಎಂದು ಜನ ದೂರ ಇಟ್ಟರು. ದಶಕ ಮುಗಿಯುವಷ್ಟರಲ್ಲಿ ಕಥೆ ಮುಗಿಯಿತು. ಇವತ್ತು ಭಾರತದಲ್ಲಿ ಬೈಕ್ ಸಂಗ್ರಹಿಸುವವರಲ್ಲಿ ಈ ಗಾಡಿ ಬೇಡ ಎನ್ನುವವರನ್ನು ನಾನು ಕಂಡಿಲ್ಲ. ಹೆಚ್ಚು ಶಕ್ತಿಯ 'ಎಚ್‌ಟಿ'ಯೋ, ಮೈಲೇಜಿಗಾಗಿ ಶಕ್ತಿ ತಗ್ಗಿಸಿದ 'ಎಲ್‌ಟಿ'ಯೋ ಎಂಬುದರ ಮೇಲೆ ಬೆಲೆಯೇ ಬದಲಾಗುತ್ತದೆ. ಇಟಲಿಯ ಫೆರಾರಿ 250 ಜಿಟಿಒ ಕೂಡ ರೇಸಿನ ಕೆಲಸ ಮುಗಿದ ಮೇಲೆ ಕೆಲವು ವರ್ಷ ಬರೀ ಹಳೆಯ ರೇಸ್ ಕಾರು ಆಗಿತ್ತು. 1962ರಿಂದ 1964ರವರೆಗೆ ತಯಾರಾದದ್ದು 36. ಅದರಲ್ಲೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು.

ಈಗ ಬೇಸ್‌ಮೆಂಟಿನ ಕಾರಿಗೆ ಬರೋಣ.

ಪೋಲೊ ನಮ್ಮ ದೇಶಕ್ಕೆ ಬಂದದ್ದು 2010ರಲ್ಲಿ, ನಿಂತದ್ದು 2022ರಲ್ಲಿ. ಕೊನೆಗೆ 'ಲೆಜೆಂಡ್ ಎಡಿಷನ್' ಎಂದು 700 ಕಾರು ಬಿಟ್ಟು ಕಂಪನಿ ವಿದಾಯ ಹೇಳಿತು. ಹನ್ನೆರಡು ವರ್ಷಗಳಲ್ಲಿ ಮಾರಿದ್ದು ಹತ್ತಿರ ಹತ್ತಿರ ಮೂರು ಲಕ್ಷ. 2013ರಲ್ಲಿ ಬಂದ ಜಿಟಿ ಟಿಎಸ್‌ಐ ಅದರಲ್ಲಿ ಚುರುಕಿನದು: 1.2 ಲೀಟರಿನ ಟರ್ಬೊ ಪೆಟ್ರೋಲ್ ಇಂಜಿನ್, 105 ಅಶ್ವಶಕ್ತಿ, ಏಳು ಗಿಯರಿನ ಡಿಎಸ್‌ಜಿ ಆಟೊಮ್ಯಾಟಿಕ್. ಹತ್ತು ಲಕ್ಷದ ಒಳಗೆ ಅಂಥ ಗಿಯರ್‌ಬಾಕ್ಸ್ ಆಗ ಅಪರೂಪ. ಹುಡುಗರು ಅದನ್ನು ಪ್ರೀತಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅದರ ಅಣ್ಣ ಬೇರೆಯೇ. 2016ರ ನವೆಂಬರಿನಲ್ಲಿ ಪೋಲೊ ಜಿಟಿಐ ಬಂತು. ಎರಡೇ ಪಕ್ಕದ ಬಾಗಿಲು, 1.8 ಲೀಟರಿನ ಟರ್ಬೊ, 192 ಅಶ್ವಶಕ್ತಿ, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ 7.2 ಸೆಕೆಂಡು. ಹೊರಗಿನಿಂದ ತರಿಸಿದ್ದು ಬರೀ 99 ಕಾರು. ಬೆಲೆ 25.99 ಲಕ್ಷ, ಅದೂ ಶೋರೂಮಿನ ಒಳಗಿನ ಬೆಲೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ 18 ಜೀವಿತಾವಧಿ ತೆರಿಗೆ. ಅಂದರೆ ತೆರಿಗೆಯೇ ನಾಲ್ಕೂವರೆ ಲಕ್ಷದ ಮೇಲೆ. ಇಷ್ಟು ದುಡ್ಡು ಕೊಟ್ಟು ಪೋಲೊ ಯಾರು ಕೊಳ್ಳುತ್ತಾರೆ? ಹೆಚ್ಚು ಜನ ಕೊಳ್ಳಲಿಲ್ಲ. ಮುಂದಿನ ವರ್ಷ ಬೆಲೆಯನ್ನು ಆರು ಲಕ್ಷ ಇಳಿಸಿ 19.99ಕ್ಕೆ ತರಬೇಕಾಯಿತು. ರಾಜ್‌ದೂತ್ 350ರ ಕಥೆ ನೆನಪಿದ್ದವರಿಗೆ ಇದು ಪರಿಚಿತ ಹಾದಿ. ತನ್ನ ಕಾಲದಲ್ಲಿ ಜನ ತಲೆ ಕೊಡವಿ ಬಿಟ್ಟುಹೋದ, ಎಣಿಸಿ 99 ಇರುವ, ಇನ್ನು ಹುಟ್ಟದ ಕಾರು. ಇದರ ಬೆಲೆ ಏರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಮಾತ್ರ ತನ್ನ ಕಾಲದಲ್ಲೇ ಗುರುತಿಸಿಕೊಂಡಿತು. ಹೊರದೇಶದ ಕಾರನ್ನು ಇಲ್ಲಿ ಮತ್ತೆ ಪರೀಕ್ಷೆಗೆ ಒಡ್ಡದೆ ವರ್ಷಕ್ಕೆ 2,500ರವರೆಗೆ ತರಿಸಬಹುದು ಎಂಬ ನಿಯಮ 2018ರಲ್ಲಿ ಬಂದ ಮೇಲೆ ಈ ಬಗೆಯ ಕಾರುಗಳು ಸಣ್ಣ ಸಣ್ಣ ಕಂತಿನಲ್ಲಿ ಬರುತ್ತಿವೆ. 2020ರಲ್ಲಿ ಬಂದ ಆರ್‌ಎಸ್ 245 ಕಾರುಗಳು 200, ಎಲ್ಲವೂ ಖರ್ಚಾದವು. 2025ರಲ್ಲಿ ಸುಮಾರು 50 ಲಕ್ಷ ಬೆಲೆಗೆ 100 ಬಂದವು, ಬುಕಿಂಗ್ ತೆರೆದ ಕೂಡಲೇ ಮುಗಿದವು. ಕೊಳ್ಳುವಾಗಲೇ 'ಮುಂದೆ ಬೆಲೆ ಬರುತ್ತದೆ' ಎಂದು ಕೊಂಡವರು ಇದರಲ್ಲಿ ಬಹಳ. ನನಗೆ ಇಂಥ ಕೊಳ್ಳುವಿಕೆಯ ಮೇಲೆ ನಂಬಿಕೆ ಕಡಿಮೆ. ನೂರಕ್ಕೆ ನೂರು ಕಾರನ್ನೂ ಕವರ್ ಹಾಕಿ ಕಾಪಾಡಿದರೆ ಇಪ್ಪತ್ತು ವರ್ಷದ ಮೇಲೂ ನೂರು ಕಾರು ಹಾಗೇ ಉಳಿದಿರುತ್ತವೆ. ಆರ್‌ಎಕ್ಸ್‌ಗೆ ಬೆಲೆ ಬಂದದ್ದು ಅದನ್ನು ಉಳಿಸಬೇಕೆಂದು ಯಾರಿಗೂ ಹೊಳೆಯದಿದ್ದ ಕಾಲದಲ್ಲಿ ಸಾವಿರಾರು ಗಾಡಿ ನಾಶವಾದದ್ದರಿಂದ.

ನನ್ನನ್ನು ಕೇಳಿದರೆ ಒಂದು ಕಾರಿನ ಹೆಸರು ಬೇರೆಯಾಗಿ ಹೇಳುತ್ತೇನೆ. 2015ರಲ್ಲಿ ಹತ್ತು ಲಕ್ಷಕ್ಕೆ ಸ್ವಲ್ಪ ಕಡಿಮೆ ಬೆಲೆಗೆ ಬಂದ ಫಿಯಟ್ ಅಬಾರ್ತ್ ಪುಂಟೊ. 1.4 ಲೀಟರ್ ಟರ್ಬೊ, 145 ಅಶ್ವಶಕ್ತಿ, ಐದು ಗಿಯರ್, ಅದೂ ಕೈಯಿಂದಲೇ ಹಾಕಬೇಕಾದದ್ದು. ಫಿಯಟ್ ಇಲ್ಲಿಂದ ಜಾಗ ಖಾಲಿ ಮಾಡಿ ವರ್ಷಗಳಾದವು. ಆದರೆ ಆ ಕಾರಿನಲ್ಲಿ ಸ್ಪ್ಯಾನರ್ ಹಿಡಿದ ಕೈಗೆ ಅರ್ಥವಾಗದ್ದು ಕಡಿಮೆ.

ಇದೇ ನನ್ನ ವಾದದ ನಡುಗಂಬ. ಡಿಎಸ್‌ಜಿ ಗಿಯರ್‌ಬಾಕ್ಸನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡು ಕ್ಲಚ್ ಇರುತ್ತವೆ. ಒಂದರ ಸುಪರ್ದಿಗೆ 1, 3, 5, 7ನೇ ಗಿಯರು, ಇನ್ನೊಂದರ ಸುಪರ್ದಿಗೆ 2, 4, 6 ಮತ್ತು ರಿವರ್ಸ್. ನೀವು ಮೂರನೇ ಗಿಯರಿನಲ್ಲಿ ಹೋಗುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಟ್ಟು ಇನ್ನೊಂದು ಹಿಡಿದರೆ ಆಯಿತು, ಕಣ್ಣು ಮಿಟುಕಿಸುವುದರೊಳಗೆ ಗಿಯರ್ ಬದಲಾಗುತ್ತದೆ. ಇದನ್ನೆಲ್ಲ ನಡೆಸುವುದು ಮೆಕಟ್ರಾನಿಕ್ ಎಂಬ ಒಂದು ಡಬ್ಬಿ. ಆಯಿಲ್ ಪಂಪು, ವಾಲ್ವುಗಳು, ಸೆನ್ಸರುಗಳು, ಪುಟ್ಟ ಕಂಪ್ಯೂಟರು ಎಲ್ಲ ಒಂದರಲ್ಲೇ. ಹೈವೇಯಲ್ಲಿ ಇದು ಅದ್ಭುತ. ಆದರೆ ಈ ಏಳು ಗಿಯರಿನದ್ದರಲ್ಲಿ ಕ್ಲಚ್ ಒಣ ಜಾತಿಯದು, ತಣ್ಣಗಿಡಲು ಎಣ್ಣೆಯಿಲ್ಲ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ಇಂಚಿಂಚು ತೆವಳುವಾಗ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಕಾಯುತ್ತದೆ, ಡಬ್ಬಿಗೂ ಕೆಲಸ ಹೆಚ್ಚುತ್ತದೆ. ಈ ಗಿಯರ್‌ಬಾಕ್ಸಿನ ತೊಂದರೆ ಲೋಕಪ್ರಸಿದ್ಧ. 2013ರಲ್ಲಿ ಚೀನಾದಲ್ಲಿ ಕಂಪನಿ 3.8 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಇದಕ್ಕಾಗಿ ವಾಪಸು ಕರೆಸಿಕೊಂಡಿತ್ತು.

ಯಂತ್ರ ಕೆಡುವುದು ದೊಡ್ಡ ವಿಷಯವಲ್ಲ. ಕೆಟ್ಟ ಯಂತ್ರ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಲು ಆಗಬೇಕು, ಅದು ಮುಖ್ಯ. ಆರ್‌ಎಕ್ಸ್ ತನ್ನ ನೋವನ್ನು ಸದ್ದಿನಲ್ಲಿ ಹೇಳುತ್ತಿತ್ತು. ಮೆಕ್ಯಾನಿಕ್ ಟ್ಯಾಂಕಿಗೆ ಕಿವಿ ಕೊಟ್ಟು 'ಸಣ್ಣ ಎಂಡ್ ಹೋಗಿದೆ' ಎನ್ನುತ್ತಿದ್ದ. ಈಗಿನ ಕಾರು ಕೋಡಿನಲ್ಲಿ ಹೇಳುತ್ತದೆ, ಆ ಕೋಡನ್ನು ಪೂರ್ತಿ ಓದಲು ಅದಕ್ಕೆ ತಕ್ಕ ಸಾಫ್ಟ್‌ವೇರ್ ಬೇಕು. ಕೀ ಕಳೆದರೆ ಹೊಸ ಕೀಯನ್ನು ಇಮ್ಮೊಬಿಲೈಸರಿಗೆ ಪರಿಚಯಿಸಲು ಕಂಪನಿಯ ಸರ್ವರ್ ಒಪ್ಪಬೇಕು. ಇನ್ನೊಂದು ಕಾರಿನಿಂದ ತೆಗೆದ ಬಿಡಿಭಾಗ ಹಾಕಿದರೂ ಕೆಲವು ಸಲ ಕಾರು ಅದನ್ನು ತನ್ನದೆಂದು ಒಪ್ಪುವುದಿಲ್ಲ. ಮೂವತ್ತು ವರ್ಷದ ಮೇಲೆ ಆ ಸರ್ವರ್ ಓಡುತ್ತಿರುತ್ತದೆಯೇ? ಕಾಮಾಕ್ಷಿಪಾಳ್ಯದ ಲೇತ್ ಯಾವ ಲೋಹವನ್ನು ಬೇಕಾದರೂ ಕಡೆದು ಕೊಡುತ್ತದೆ, ಬೀಗ ಹಾಕಿದ ಕೋಡನ್ನು ಕಡೆಯಲಾರದು.

ಇನ್ನೊಂದು ನೋವು ನಾವೇ ಮಾಡಿಕೊಂಡದ್ದು. ಪೋಲೊ ಜಿಟಿ ಕೊಂಡವರಲ್ಲಿ ಬಹಳ ಜನ ಮೊದಲು ಮಾಡಿಸಿದ್ದು ಇಂಜಿನ್ನಿನ ಕಂಪ್ಯೂಟರನ್ನು ತಿದ್ದುವ ಇಸಿಯು ರೀಮ್ಯಾಪ್, ಆಮೇಲೆ ಸೈಲೆನ್ಸರ್, ಆಮೇಲೆ ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ತಾಗಿಸಿದ್ದು. ಕಂಪನಿ ಕೊಟ್ಟ ರೂಪವನ್ನು ಮಾಲೀಕರು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕಾನೂನಿನ ಮಾತು ಹಾಗಿರಲಿ, ಸಂಗ್ರಹಿಸುವವರು ಹುಡುಕುವುದು ಯಾವಾಗಲೂ ಕೈ ಆಡಿಸದ ಗಾಡಿಯನ್ನು. ಆರ್‌ಎಕ್ಸ್‌ಗೂ ಹೀಗೇ ಆಯಿತು. ಕಂಪನಿಯ ಸೈಲೆನ್ಸರ್, ಕಂಪನಿಯ ಮೀಟರ್ ಇರುವ ಗಾಡಿಗೆ ಈಗ ಜನ ಊರೂರು ಅಲೆಯುತ್ತಾರೆ. ಅಕ್ಕನ ಮಗನ ಕಾರು ಸ್ಟಾಕ್ ಕಂಡೀಷನ್ನಿನಲ್ಲಿದೆ, ಮೊದಲ ಮಾಲೀಕರು ಸರ್ವಿಸ್ ಬಿಲ್ಲುಗಳನ್ನೆಲ್ಲ ಫೈಲಿನಲ್ಲಿ ಜೋಡಿಸಿ ಕೊಟ್ಟಿದ್ದಾರೆ. ಆ ಫೈಲನ್ನು ನಾನು ಕಾರಿಗಿಂತ ಹೆಚ್ಚು ಹೊತ್ತು ನೋಡಿದೆ.

ಕಾಗದದ ಕಡೆಯೂ ಒಂದು ಲೆಕ್ಕವಿದೆ. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಕಾರಿನ ಮೇಲೆ ನ್ಯಾಯಾಲಯದ ನಿರ್ಬಂಧದ ಕತ್ತಿ ತೂಗುತ್ತಲೇ ಇದೆ. ನಮ್ಮಲ್ಲಿ ಹಾಗಿಲ್ಲ. 15 ವರ್ಷ ತುಂಬಿದ ಮೇಲೆ ಆರ್‌ಟಿಒಗೆ ಹೋಗಿ ಗಾಡಿ ತೋರಿಸಿ, ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. 50 ವರ್ಷ ತುಂಬಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಮಾತ್ರ 'ವಿಂಟೇಜ್' ಎಂಬ ಬೇರೆ ನೋಂದಣಿ, 'ವಿಎ' ಅಕ್ಷರದ ನಂಬರ್ ಪ್ಲೇಟು, 2021ರ ನಿಯಮದ ಪ್ರಕಾರ. ಮೊದಲ ಆರ್‌ಎಕ್ಸ್ 100 ಆ ಗೌರವಕ್ಕೆ ಅರ್ಹವಾಗುವುದು 2035ರಲ್ಲಿ. ನಮ್ಮ ಬೇಸ್‌ಮೆಂಟಿನ ಪೋಲೊ 2066ರಲ್ಲಿ. ನಡುವಿನ ವರ್ಷಗಳಲ್ಲಿ ಅದು ವಿಂಟೇಜೂ ಅಲ್ಲ, ಹೊಸದೂ ಅಲ್ಲ, ಬರೀ ಹಳೆಯ ಕಾರು. ಆ ವರ್ಷಗಳನ್ನು ದಾಟಿಸುವುದೇ ಕಷ್ಟ. ಅಷ್ಟರಲ್ಲಿ ಪೆಟ್ರೋಲೂ ಬದಲಾಗುತ್ತಿದೆ. ಬಂಕುಗಳಲ್ಲಿ ಈಗ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಅದಕ್ಕೆಂದೇ ಮಾಡದ ರಬ್ಬರ್ ಪೈಪು, ಸೀಲುಗಳನ್ನು ಕಾಲಕ್ರಮದಲ್ಲಿ ಹಾಳು ಮಾಡುತ್ತದೆ. ಟ್ಯಾಂಕ್ ತುಂಬಿಸಿ ಆರು ತಿಂಗಳು ನಿಲ್ಲಿಸುವ ಗಾಡಿಗೆ ಇದು ಹೆಚ್ಚಿನ ತೊಂದರೆ.

ಜಾಗದ ಮಾತು ಬಿಟ್ಟರೆ ಪಶ್ಚಿಮ ಬೆಂಗಳೂರಿನ ಕಥೆ ಅರ್ಧವೇ. ಬಸವೇಶ್ವರನಗರದ 30–40 ಸೈಟಿನಲ್ಲಿ ಹಿಂದೆ ಪೋರ್ಟಿಕೊ ಇತ್ತು, ಅದರಲ್ಲಿ ಅಪ್ಪನ ಫಿಯಟ್ಟೋ ಅಂಬಾಸಡರೋ ಹತ್ತು ವರ್ಷ ನಿಂತರೂ ಯಾರೂ ಕೇಳುತ್ತಿರಲಿಲ್ಲ. ಈಗ ಆ ಸೈಟಿನಲ್ಲಿ ನಾಲ್ಕು ಮನೆ, ಪಾರ್ಕಿಂಗ್ ಎರಡು ಕಾರಿಗೆ. ರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ನಿಂತ ಕಾರಿನ ಬಣ್ಣ ಎರಡು ಮಳೆಗಾಲ ತಡೆಯುವುದಿಲ್ಲ. ಧರ್ಮಾಧಿಕಾರಿ ಹೆಗ್ಗಡೆಯವರು ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ ಬಳಿಯ 'ಪಯಣ' ಮ್ಯೂಸಿಯಮ್ಮಿನಲ್ಲೂ ಹಳೆಯ ಕಾರುಗಳನ್ನು ಕಾಪಾಡಿಟ್ಟದ್ದು ನೋಡುವಾಗ ನನಗೆ ಮೊದಲು ಕಣ್ಣಿಗೆ ಬೀಳುವುದು ಕಾರುಗಳ ನಡುವಿನ ಖಾಲಿ ಜಾಗ.

ಇಷ್ಟನ್ನೂ ಯೋಚಿಸಿ ಅಕ್ಕನ ಮಗನಿಗೆ ಲೆಕ್ಕ ಮುಂದಿಟ್ಟೆ. ಇವತ್ತು ಈ ಕಾರಿಗೆ ಐದು ಲಕ್ಷ ಬಂತೆಂದುಕೋ. ಶೇ 7ರ ಬಡ್ಡಿಗೆ ಬ್ಯಾಂಕಿನಲ್ಲಿಟ್ಟರೆ 20 ವರ್ಷಕ್ಕೆ ಹತ್ತೊಂಬತ್ತು ಲಕ್ಷ ಚಿಲ್ಲರೆ. ಅದರ ಮೇಲೆ ಇನ್ಶೂರೆನ್ಸ್, ಟೈರು, ಆರ್‌ಸಿ, ರಿಪೇರಿ. ಅಷ್ಟನ್ನೂ ಮೀರಿಸುವ ಬೆಲೆ ಜಿಟಿಐಗೆ ಬರಬಹುದು, ಸಾವಿರಗಟ್ಟಲೆ ಇರುವ ಜಿಟಿ ಟಿಎಸ್‌ಐಗೆ ಬರುವುದಿಲ್ಲ. ಹಾಗಾಗಿ ಬೆಲೆಗಾಗಿ ಇಡಬೇಡ. ಓಡಿಸುವ ಆಸೆ ಇದ್ದರೆ ಇಡು, ಆದರೆ ಎರಡನೇ ಕೀ ಈಗಲೇ ಮಾಡಿಸು, ಒಳ್ಳೆಯ ಮೆಕಟ್ರಾನಿಕ್ ಒಂದು ಸಿಕ್ಕರೆ ಕೊಂಡು ಮನೆಯಲ್ಲಿಡು, ಮತ್ತು ಈ ಡಬ್ಬಿಯನ್ನು ಬಿಚ್ಚಬಲ್ಲ ಒಬ್ಬರನ್ನು ಹುಡುಕು.

"ಅಂಥವರು ಎಲ್ಲಿ ಸಿಗ್ತಾರೆ ಮಾವ?" ಎಂದ.

ಕಳೆದ ಶನಿವಾರ ಅವನನ್ನು ಕಾಮಾಕ್ಷಿಪಾಳ್ಯಕ್ಕೆ ಕರೆದುಕೊಂಡು ಹೋದೆ. ನನ್ನ ಗೆಳೆಯರ ಆರ್‌ಎಕ್ಸ್‌ಗಳಿಗೆಲ್ಲ ಬೋರ್ ಮಾಡಿಕೊಟ್ಟ ಹಿರಿಯರ ಶೆಡ್ಡು ಅಲ್ಲಿದೆ. ಈಗ ಶೆಡ್ಡಿನ ಅರ್ಧಕ್ಕೆ ಗಾಜಿನ ಗೋಡೆ ಕಟ್ಟಿ ಧೂಳು ಬಾರದ ಹಾಗೆ ಮಾಡಿದ್ದಾರೆ. ಒಳಗೆ ಅವರ ಮಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು, ಭೂತಗನ್ನಡಿಯ ದೀಪದ ಕೆಳಗೆ ಯಾವುದೋ ಕಾರಿನ ಗಿಯರ್‌ಬಾಕ್ಸಿನ ಸರ್ಕೀಟ್ ಬೋರ್ಡ್ ಇಟ್ಟುಕೊಂಡು ಕೂದಲೆಳೆಯಷ್ಟು ತಂತಿಗೆ ಬೆಸುಗೆ ಹಾಕುತ್ತಿದ್ದಳು. ಪಕ್ಕದಲ್ಲಿ ಎಸ್.ಪಿ. ರೋಡಿನಿಂದ ತಂದ ಕೆಪ್ಯಾಸಿಟರುಗಳ ಪೊಟ್ಟಣ. ಅದೇ ಡಬ್ಬಿಯ ಬಿರುಕು ಬಿಟ್ಟ ಅಲ್ಯೂಮಿನಿಯಂ ಕವಚಕ್ಕೆ ಅಪ್ಪ ಗಾಜಿನ ಈಚೆ ಲೇತ್‌ನಲ್ಲಿ ಬಲ ಕೊಡುವ ಬಳೆ ಕಡೆಯುತ್ತಿದ್ದರು. ಅಕ್ಕನ ಮಗ ಒಂದು ಗಂಟೆ ನಿಂತು ನೋಡಿದ, ಪ್ರಶ್ನೆ ಕೇಳಿದ. ಅವಳು ಬೋರ್ಡಿನಿಂದ ಕಣ್ಣೆತ್ತದೆ ಉತ್ತರ ಕೊಟ್ಟಳು.

ಹೊರಡುವಾಗ ತನ್ನ ಕಾರು ಯಾವುದೆಂದು ಹೇಳಿ, ತಂದು ತೋರಿಸಲೇ ಎಂದು ಕೇಳಿದ.

"ಏನೂ ತೊಂದ್ರೆ ಇಲ್ಲ ತಾನೆ? ಹಾಗಿದ್ರೆ ತರ್ಬೇಡಿ ಸಾರ್. ವಾರಕ್ಕೆ ಎರಡು ಸಲ ಓಡಿಸಿ. ನಿಲ್ಲಿಸಿದ್ರೆ ಆಯಿಲ್ ಸೀಲೆಲ್ಲ ಒಣಗತ್ತೆ" ಎಂದಳು.

ಮರುದಿನ ಬೆಳಗ್ಗೆ ಐದೂವರೆಗೆ ನನ್ನ ಫೋನ್ ಹೊಡೆಯಿತು. ಅವನು ನಮ್ಮ ಮನೆಯ ಕೆಳಗೆ ಇಂಜಿನ್ ಓಡಿಸಿಕೊಂಡೇ ನಿಂತಿದ್ದ, ಇಡ್ಲಿ ತಿನ್ನಲು ಬರುತ್ತೀಯಾ ಎಂದು ಕೇಳಲು.